ಹುಳದ ಮನೆಯ ಬೆಳಕು

ಮುಸ್ಸಂಜೆಯಾದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಒಳಗೆ ಬರುತ್ತೇನೆ, ಹೊರಗೆ ಹೋಗುತ್ತೇನೆ, ಸ್ವಿಚ್ಚಿನ ಹತ್ತಿರ ನಿಂತು ಹಾಕಲೋ ಬೇಡವೋ ಎನ್ನುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಮನೆಯವರು ರೇಗಿಸುತ್ತಾರೆ. ಆ ಚಕ್ರ ಕಟ್ಟಿಸಿಕೊಂಡಿದ್ದು ಕೊಳ್ಳೇಗಾಲದ ವೃದ್ಧಾಶ್ರಮದಲ್ಲಿ.

ತೊಂಬತ್ತರ ದಶಕದ ಕೊನೆಯಲ್ಲಿ ಯಳಂದೂರಿನಿಂದ ದಿನಾ ಬಸ್ಸು ಹತ್ತಿ ಅಲ್ಲಿಗೆ ಆಯಾ ಕೆಲಸಕ್ಕೆ ಹೋಗುತ್ತಿದ್ದೆ. ಹೆಂಗಸರ ಉದ್ದನೆಯ ಕೋಣೆಯಲ್ಲಿ ಮರೆವಿನವರೇ ಹೆಚ್ಚು. ಅದೂ ಒಂದು ಕಾಯಿಲೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅರಳುಮರಳು ಎಂದರೆ ಮುಗಿಯಿತು. ಅವರಲ್ಲಿ ಬಂಡಳ್ಳಿ ಕಡೆಯ ಅಜ್ಜಿಯೊಬ್ಬಳಿದ್ದಳು. ಲಾರಿ ಓಡಿಸುವ ಅಣ್ಣನ ಮಗನೊಬ್ಬನನ್ನು ಬಿಟ್ಟರೆ ಅವಳಿಗೆ ದಿಕ್ಕಿಲ್ಲ. ಮಾತಿಲ್ಲ, ಕತೆಯಿಲ್ಲ, ಇಟ್ಟದ್ದನ್ನು ಉಂಡು ಸುಮ್ಮನಿರುತ್ತಿದ್ದಳು.

ಆಮೇಲೆ ದಾನಿಯೊಬ್ಬರು ಟ್ಯೂಬ್‌ಲೈಟು ಕೊಡಿಸಿದರು. ಹಳದಿ ಬಲ್ಬುಗಳನ್ನೆಲ್ಲ ಕಿತ್ತು ಸಾಲಾಗಿ ಟ್ಯೂಬು ಹಾಕಿದರು. ಎಲ್ಲ ಒಟ್ಟಿಗೆ ಹತ್ತಿದರೆ ಕೋಣೆ ಮದುವೆ ಛತ್ರದಂತಾಗುತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ಮಲಗಿರಬಾರದಲ್ಲ, ಎಲ್ಲರನ್ನೂ ಎಬ್ಬಿಸಿ ಕೂರಿಸಿ, ಟ್ಯೂಬಿಗೇ ಕೈ ಮುಗಿಸುತ್ತಿದ್ದೆವು.

ಅವತ್ತಿನಿಂದ ಅಜ್ಜಿ ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿಗೆ ಸೀರೆ ಸಿಕ್ಕಿಸುವಳು, ಬಾಗಿಲು ಮುಚ್ಚುವಳು, ಉಳಿದವರು ಮಲಗುತ್ತಲೇ ಮಂಚದಿಂದ ಮಂಚಕ್ಕೆ ಹೋಗಿ ಅವರ ಹೊದಿಕೆಯನ್ನು ತಲೆಯವರೆಗೂ ಎಳೆದು ಅಂಚು ಸರಿಮಾಡುವಳು. ನಾವು ತೆಗೆದಷ್ಟೂ ಮುಚ್ಚುವಳು. ಒಂದು ಸಂಜೆ ತಾಯಿಯನ್ನು ನೋಡಲು ಬಂದ ಮಗನೊಬ್ಬ ಬಿಳಿ ಹೊದಿಕೆಯೊಳಗಿನ ಮುಖ ಕಾಣದೆ ಬಾಗಿಲಲ್ಲೇ ಗೋಳೋ ಎಂದು ಅತ್ತ. ಹೊದಿಕೆಯೊಳಗಿಂದ ಆ ತಾಯಿ, ಯಾರು ಸತ್ತರೆಂದು ಕೇಳಿದಳು.

ನಮಗೆ ನಗು, ಅವನಿಗೆ ಅಪಶಕುನ. ಮ್ಯಾನೇಜರಿಗೆ ಬಾಯಿಗೆ ಬಂದಂತೆ ಬಯ್ದು ಹೋದ. ಮ್ಯಾನೇಜರು ಅಣ್ಣನ ಮಗನಿಗೆ ಹೇಳಿ ಕಳಿಸಿದರು: ಭಾನುವಾರ ಬಂದು ಕರೆದುಕೊಂಡು ಹೋಗು. ಎಲ್ಲಿಗೆ? ಲಾರಿಗಾ? ನನಗೆ ಮೈಯೆಲ್ಲ ಉರಿಯಿತು. ದಾನಿಯ ಮೇಲೆ, ಮ್ಯಾನೇಜರ ಮೇಲೆ, ಆ ಅಜ್ಜಿಯ ಮೇಲೂ.

ಮರುದಿನ ಸಂಜೆ ಮತ್ತೆ ಶುರುವಾದಾಗ ಕೈ ಹಿಡಿದು ನಿಲ್ಲಿಸಿ, ಯಾಕೆ ಮುಚ್ಚುತ್ತೀ ಎಂದು ಕೇಳಿದೆ. ಇಷ್ಟೂ ಗೊತ್ತಿಲ್ಲವಾ ಎಂಬಂತೆ ನೋಡಿದಳು.

"ಎಳೆ ಉಳ ಕಣವ್ವ. ಇಷ್ಟ್ ಬೆಳ್ಕ ಬುಟ್ರ ಸೊಪ್ಪ ಮುಟ್ಟವಾ?"

ನಾನು ಕೋಣೆಯ ಕಡೆ ತಿರುಗಿದೆ. ಸಾಲು ಮಂಚ, ಬಿಳಿ ಹಾಸಿಗೆ, ಮೇಲೆ ಮುದುರಿಕೊಂಡು ಮಿಸುಕಾಡುವ ಜೀವಗಳು. ನಮ್ಮ ಕಡೆ ರೇಷ್ಮೆಹುಳ ಸಾಕಿದವರ ಮನೆಯಲ್ಲಿ ಕಿಟಕಿಗೆ ಗೋಣಿತಾಟು, ಒಳಗೆ ಮಂದ ಬೆಳಕು, ಮರಿಹುಳದ ತಟ್ಟೆಗೆ ಮುಚ್ಚಿಗೆ. ಅಜ್ಜಿ ಜೀವಮಾನವೆಲ್ಲ ಅದನ್ನೇ ಮಾಡಿದವಳಿರಬೇಕು. ಅವಳು ಯಾರನ್ನೂ ಹೆಣ ಮಾಡುತ್ತಿರಲಿಲ್ಲ, ಕಾಯುತ್ತಿದ್ದಳು. ನನಗೆ ಅಳು ಬಂತು.

ಮ್ಯಾನೇಜರೂ ಈ ಕಡೆಯವರೇ. ಹೇಳಿದೊಡನೆ ಅರ್ಥವಾಯಿತು, ಆದರೆ ಟ್ಯೂಬು ಯಾಕೆ ಆರಿಸಿದಿರೆಂದು ದಾನಿ ಬಂದು ಕೇಳಿದರೆ ಏನು ಹೇಳಲಿ ಎಂದರು. ದಾನಿ ಇಲ್ಲಿ ಮಲಗುತ್ತಾರಾ ಸಾರ್ ಎಂದೆ. ಶನಿವಾರ ಸಂಜೆ ಹಳೇ ಬಲ್ಬು ಹಾಕಿ, ಮ್ಯಾನೇಜರೇ ಬಂದು ನೋಡಿ ತೀರ್ಮಾನಿಸುವುದೆಂದಾಯಿತು.

ಕಾಲಡಿ ಕಾಣುವಷ್ಟಕ್ಕೆ ಹಳೇ ಬಲ್ಬುಗಳನ್ನು ಮತ್ತೆ ಹಾಕಿದೆವು. ಪಡುವಣ ಕಿಟಕಿಗೆ ಗೋಣಿತಾಟು ಕಟ್ಟಿದೆ. ಮ್ಯಾನೇಜರು ಕೈ ಕಟ್ಟಿ ಬಾಗಿಲಲ್ಲಿ ನಿಂತರು. ಬಲ್ಬು ಹತ್ತಿತು. ಅಜ್ಜಿ ಎದ್ದಳು. ಮಂಚದಿಂದ ಮಂಚಕ್ಕೆ ಹೋದಳು. ಯಾರದೋ ಮುಖದ ಮೇಲೆ ಅವರೇ ಎಳೆದುಕೊಂಡಿದ್ದ ಹೊದಿಕೆಯನ್ನು ಮೆಲ್ಲಗೆ ಕೆಳಗೆ ಸರಿಸಿ, ಬಾಗಿ ನೋಡಿದಳು.

"ಉಳ ಚೆಂದಾಗವ," ಎಂದಳು.

ಬಲ್ಬಿಗೆ ಕೈ ಮುಗಿದು ಹೋಗಿ ಮಲಗಿದಳು. ಭಾನುವಾರ ಬರುವುದು ಬೇಡವೆಂದು ಮ್ಯಾನೇಜರು ಅವತ್ತೇ ಹೇಳಿ ಕಳಿಸಿದರು.

ಆಮೇಲೆ ಅಜ್ಜಿ ಕೆಲವು ವರ್ಷ ನಮ್ಮಲ್ಲೇ ಇದ್ದು, ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಅಣ್ಣನ ಮಗ ಹನೂರಿನಿಂದ ಬರುವವರೆಗೆ ಮುಂದಿನ ಪಡಸಾಲೆಯಲ್ಲಿ ಮಲಗಿಸಿದೆವು. ಅಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ತಲೆದೆಸೆಯಲ್ಲಿ ದೀಪ ಹಚ್ಚಿಟ್ಟೆ. ಟ್ಯೂಬು ಆರಿಸಿದೆ. ಆಮೇಲೆ ಬಿಳಿ ಬಟ್ಟೆಯನ್ನು ಅವಳ ಮುಖದ ಮೇಲೆ ಎಳೆದು, ಅವಳು ಮಾಡುತ್ತಿದ್ದ ಹಾಗೇ ಅಂಚು ಸರಿಮಾಡಿದೆ.