ವಾಲೆಟ್ಟಿಗೆ ಬಂದ ತೊಟ್ಟಿಲ ಮುಂಗಡ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಮಾವ ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಅವರ ಹಟ ಎಂಥದ್ದೆಂದು ನಾನು ಇಲ್ಲಿ ಹೇಳುತ್ತೇನೆ, ಲೆಕ್ಕ ಸರಿಹೋಗಲಿ.

ಕಲಘಟಗಿಯಲ್ಲಿ ನಮ್ಮದು ಬಣ್ಣದ ತೊಟ್ಟಿಲು ಮಾಡುವ ಮನೆ. ಉಳಿ ಹಿಡಿಯುವವರು ಮಾವ ಒಬ್ಬರೇ. ನನ್ನ ಗಂಡ ಬಸ್ಸಿನ ಕಂಡಕ್ಟರ್. ನಾನು ಮಿಶ್ರಿಕೋಟಿಯಿಂದ ಬಂದ ಸೊಸೆ. ಮದುವೆಗೆ ಮೊದಲು ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿತದ್ದು ತುಕ್ಕು ಹಿಡಿಯಬಾರದೆಂದು ತೊಟ್ಟಿಲುಗಳ ಫೋಟೋ ಹಾಕಿ ಒಂದು ವೆಬ್‌ಸೈಟ್ ಮಾಡಿದೆ. ನೋಡುವವರು ಬಹಳ, ಕೊಳ್ಳುವವರು ಯಾರೂ ಇಲ್ಲ. "ರೊಕ್ಕ ಹೆಂಗ ಕೊಡೂದ್ರಿ?" ಎಂದು ಫೋನಿನಲ್ಲಿ ಕೇಳಿ ಸುಮ್ಮನಾಗುತ್ತಿದ್ದರು. ಅದಕ್ಕೇ, ಮೊಬೈಲ್ ವಾಲೆಟ್ಟಿನಿಂದ ಅಲ್ಲೇ ಮುಂಗಡ ಕೊಡುವ ಏರ್ಪಾಡು ಮಾಡಲು ಹೊರಟೆ. ಪಾಸ್‌ಬುಕ್ಕು, ಪರವಾನಗಿ, ಮಾವನ ಆಧಾರ್ ಕಾರ್ಡು ಎಲ್ಲ ವಾಲೆಟ್ಟಿನ ಕಂಪನಿಗೆ ಕಳಿಸಿದರೂ ಅರ್ಜಿ ಮೂರು ಸಲ ತಿರುಗಿ ಬಂತು. ನಾಲ್ಕನೆಯ ಸಲ ಒಪ್ಪಿಗೆಯಾಯಿತು. ಗಂಡನ ವಾಲೆಟ್ಟಿನಿಂದ ಒಂದು ರೂಪಾಯಿ ಹಾಕಿಸಿ ನೋಡಿದೆ. ಬಂತು ಎಂದು ಫೋನು ಟಿಂಗ್ ಅಂದಾಗ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ಮಾವನಿಗೆ ಇದೆಲ್ಲ ಬೇಡವಾಗಿತ್ತು. ಅವರದೊಂದು ಪದ್ಧತಿ. ಗಿರಾಕಿ ಬಂದು ಎದುರಿಗೆ ಕೂತು ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು ಅವರ ಕೈಗೆ ಕೊಡಬೇಕು. ಅದನ್ನು ಕಣ್ಣಿಗೊತ್ತಿಕೊಂಡು, "ತವರಿನವ್ರು ಯಾರ್ ಬಂದೀರಿ?" ಎಂದು ಕೇಳುತ್ತಾರೆ. ನಮ್ಮ ಕಡೆ ತೊಟ್ಟಿಲು ಬಾಣಂತಿಯ ತವರಿನಿಂದಲೇ ಬರಬೇಕು, ಅದಕ್ಕೆ ಆ ಪ್ರಶ್ನೆ. ಅಣ್ಣನೋ ಅಪ್ಪನೋ "ನಾನ್ರಿ" ಅಂದ ಮೇಲೆಯೇ ಕಟ್ಟಿಗೆಗೆ ಉಳಿ ತಾಗುವುದು.

ವಾಲೆಟ್ಟಿನ ಮೊದಲ ಮುಂಗಡ ಬಂದದ್ದು ನವಲಗುಂದದ ಕಡೆಯ ಒಂದು ಹಳ್ಳಿಯಿಂದ, ಒಬ್ಬ ಹೆಣ್ಣುಮಗಳ ಹೆಸರಿನಲ್ಲಿ. ಕೂಸಿಗೆ ಹೆಸರಿಡುವ ದಿನವನ್ನು ಬರೆದು, ಅಷ್ಟರೊಳಗೆ ತೊಟ್ಟಿಲು ಬೇಕೇ ಬೇಕು ಎಂದಿದ್ದಳು. ಎರಡು ತಿಂಗಳ ಅವಕಾಶವಿತ್ತು. "ಮಾವಾರ, ರೊಕ್ಕ ಬಂತ್ರಿ" ಎಂದೆ. "ಹೂಂ" ಎಂದರು. ಅವರ ಕೆಲಸದ ಶೆಡ್ಡು ಊರ ಹೊರಗಿದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ಸಂಜೆ ಬರುತ್ತಿದ್ದರು, ಮೈತುಂಬ ಕಟ್ಟಿಗೆ ಪುಡಿ. ಕೆಲಸ ನಡೆದಿದೆ ಎಂದು ನಾನೂ ನಿಶ್ಚಿಂತೆಯಿಂದ ಇದ್ದೆ.

ಹದಿನೆಂಟು ದಿನ ಉಳಿದಾಗ, ಗಿರಾಕಿಗೆ ಫೋಟೋ ಕಳಿಸೋಣವೆಂದು ಶೆಡ್ಡಿಗೆ ಹೋದೆ. ಅಲ್ಲಿ ಇನ್ಯಾರದೋ ತೊಟ್ಟಿಲು ಮುಗಿಯಲು ಬಂದಿತ್ತು. ನವಲಗುಂದದವರ ತೊಟ್ಟಿಲಿನ ಹಲಗೆಗಳು ಉಳಿ ತಾಗದೆ ಗೋಡೆಗೆ ಆನಿಸಿಟ್ಟಂತೆಯೇ ಇದ್ದವು.

"ಮಾವಾರ, ನವಲಗುಂದದ ತೊಟ್ಟಿಲಾ ಎಲ್ಲೈತ್ರಿ?"

"ಅವ್ರಿನ್ನಾ ಬಂದಿಲ್ಲಲ್ಲವಾ."

"ರೊಕ್ಕ ಬಂದೈತಿ ಅಂತ ಹೇಳಿದ್ನಲ್ರೀ!"

"ನಿನ್ನ ಫೋನಿಗೆ ಬಂದೈತಿ. ನನ್ನ ಕೈಗೆ ಎಲ್ಲಿ ಬಂತು? ಇಂದ ಬಂದಾರು ನಾಳಿ ಬಂದಾರು ಅಂತ ದಾರಿ ನೋಡಾಕತ್ತೀನಿ. ನವಲಗುಂದದಿಂದ ಇಲ್ಲಿತನಾ ಬರಾಕ ಅವ್ರಿಗೇನ್ ಧಾಡಿ?"

ಅಯ್ಯೋ ಶಿವನೇ! ನೆತ್ತಿಗೇರಿದ ಸಿಟ್ಟಿನಲ್ಲಿ ಏನೇನು ಅಂದೆನೋ. ಏರು ದನಿ ಕೇಳಿ ದಾರಿಯಲ್ಲಿ ಹೋಗುವವರು ಇಣುಕಿ ನೋಡಿದರು. ನಾನೇ ನೋಟು ತಂದು ಎಲೆಯ ಮೇಲಿಟ್ಟು ಕೊಡುತ್ತೇನೆ ಎಂದೆ. "ಅದು ನಿನ್ನ ಕೈ ಆತು. ಅವ್ರ ಕೈ ಹೆಂಗ ಆದೀತು?" ಎಂದರು. ನನಗೆ ಅಳುವೇ ಬಂತು. ಆ ಹೆಣ್ಣುಮಗಳ ನಂಬರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮಾವನ ಕೈಗೆ ತುರುಕಿದೆ. "ತೊಟ್ಟಿಲಾ ಆಗೂದಿಲ್ಲಂತ ನೀವ ಹೇಳ್ರಿ."

ಮಾವ ಕೆಮ್ಮಿ, ರೂಢಿಯ ಮಾತನ್ನೇ ಕೇಳಿದರು. "ತವರಿನವ್ರು ಯಾರವ್ವಾ? ಒಂದ್ಸಲ ಬಂದ್ ಹೋಗ್ರಿ ಅಂತ ಹೇಳು."

ಆ ಕಡೆಯಿಂದ ಅವಳು ಮೆಲ್ಲಗೆ ಹೇಳಿದಳು. "ತವರಿನವ್ರು ಯಾರೂ ಇಲ್ರಿ ಅಜ್ಜಾರ. ನಾನ ಬಾಣಂತಿ, ನಾನ ರೊಕ್ಕ ಹಾಕೀನಿ. ನಾ ಮೆಚ್ಚಿ ಮದುವಿ ಆದೆ ಅಂತ ಅಪ್ಪಾ ಬಾಗಲಾ ಹಾಕ್ಕೊಂಡಾನ. ಇಲ್ಲಿ ಅತ್ತಿಯವ್ರಿಗೆ ತವರಿಂದ ತೊಟ್ಟಿಲಾ ಬರ್ತೈತಿ ಅಂತ ಹೇಳೀನ್ರಿ. ಬರಲಿಲ್ಲಂದ್ರ ನನ್ನ ಕೂಸು ಜನ್ಮೆಲ್ಲಾ ಆ ಮಾತ ಕೇಳ್ಬೇಕಾಗತೈತಿ. ನಿಮ್ಮಲ್ಲಿ ಬಂದ್ರ ಇದನ್ನ ಕೇಳ್ತೀರಂತ ಗೊತ್ತಿತ್ರಿ. ಫೋನಿನ್ಯಾಗ ಯಾರೂ ಕೇಳಲಿಲ್ಲ, ಅದಕ್ಕ ಹಾಕಿಬಿಟ್ಟೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ದೂರದೂರಿನವರಿಗೆ ಅನುಕೂಲವಾಗಲಿ ಎಂದು ನಾನು ಆ ಏರ್ಪಾಡು ಮಾಡಿದ್ದೆ. ಎರಡು ತಾಸಿನ ದಾರಿಯಲ್ಲಿದ್ದವಳೊಬ್ಬಳು ನಮ್ಮ ಹೊಸ್ತಿಲಿಗೆ ಹೆದರಿ ಆ ಏರ್ಪಾಡಿನ ಮೊರೆ ಹೋಗಿದ್ದಳು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಹೆಣ್ಣ ಕೂಸೇನವ್ವಾ?" ಎಂದು ಕೇಳಿದರು.

"ಹೌದ್ರಿ."

"ನಿದ್ದಿ ಚಲೋ ಮಾಡತೈತಿ?"

"ಎಲ್ಲಿ ನಿದ್ದಿ ಬಿಡ್ರಿ, ಬರೇ ಅಳೂದ." ಹಾಗೆನ್ನುತ್ತಾ ಅವಳು ನಕ್ಕಳು.

"ಆತು. ತೊಟ್ಟಿಲದಾಗ ಹಾಕಿ ತೂಗು, ಮಲಗತೈತಿ" ಎಂದು ಫೋನು ನನಗೆ ಕೊಟ್ಟು, ಅಲ್ಲೇ ನಿಂತು ಹಲಗೆಗೆ ಗೆರೆ ಎಳೆಯತೊಡಗಿದರು.

ಆ ಹದಿನೆಂಟು ದಿನ ನಮ್ಮ ಮನೆಯಲ್ಲಿ ಒಲೆ ಹತ್ತಿದ್ದೇ ಕಡಿಮೆ. ಬೇರೆಯವರ ತೊಟ್ಟಿಲನ್ನು ಮಾವ ಬದಿಗಿಟ್ಟರು. ಬಣ್ಣವನ್ನು ಯಾರಿಗೂ ಮುಟ್ಟಗೊಡದವರು ನನ್ನ ಕೈಗೆ ಕುಂಚ ಕೊಟ್ಟು, "ಅಂಚು ಬಿಟ್ಟು ತುಂಬು, ಸಿಟ್ಟಿನಾಗ ತುಂಬಬ್ಯಾಡ" ಎಂದರು. ರಜೆ ಹಾಕಿದ ನನ್ನ ಗಂಡ ತೊಟ್ಟಿಲಿನ ಕಾಲುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ನಾವು ಮೂವರೂ ಒಂದೇ ಕಡೆ ಕೂತು ಅಷ್ಟು ದಿನ ದುಡಿದದ್ದು ಅದೇ ಮೊದಲು, ನನಗಂತೂ ಅಗದಿ ಖುಷಿಯಾಗಿತ್ತು.

ತೊಟ್ಟಿಲನ್ನು ಟೆಂಪೋದಲ್ಲಿ ಕಳಿಸಿದರೆ ಸಾಕಿತ್ತು. ಅಂದು ಬೆಳಿಗ್ಗೆ ನೋಡಿದರೆ ಮಾವ ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಬಾಣಂತಿಗೆ ಸೀರೆ, ಕೂಸಿನ ತಲೆಗೆ ಹೊದಿಸುವ ಕುಂಚಿಗೆ ಎರಡನ್ನೂ ಗಂಟು ಕಟ್ಟಿಕೊಂಡು ಟೆಂಪೋದಲ್ಲಿ ಕೂತಿದ್ದಾರೆ. "ನೀನೂ ಹತ್ತು, ಹೆಣ್ಣಮಕ್ಕಳಿಲ್ದ ಹೋದ್ರ ಚಂದ ಕಾಣೂದಿಲ್ಲ" ಎಂದರು. ಹುಬ್ಬಳ್ಳಿಯ ಹತ್ತಿರ ಟೆಂಪೋ ಪಂಕ್ಚರ್ ಆಗಿ, ನಾವು ಆ ಮನೆ ಮುಟ್ಟುವಾಗ ಊಟದ ಹೊತ್ತಾಗಿತ್ತು. ಅಂಗಳದ ತುಂಬ ಹೆಂಗಸರು. ಅವಳ ಅತ್ತೆಯೇ ಇರಬೇಕು, ಬಾಗಿಲಲ್ಲಿ ನಿಂತು ಕೇಳಿದರು: "ಯಾರ ಕಡೆಯವ್ರ್ರಿ ನೀವು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಎದೆ ಸೆಟೆಸಿ ಹೇಳಿದರು. "ತವರಿನವ್ರು."

ಅವರ ದನಿ ಒಳಗೆ ಕೇಳಿಸಿತೇನೋ. ಕೂಸನ್ನು ಎತ್ತಿಕೊಂಡು ಒಬ್ಬ ಎಳೆಯ ಬಾಣಂತಿ ಹೊರಗೆ ಬಂದಳು. ನಮ್ಮ ಮುಖ ಅವಳು ನೋಡಿದವಳಲ್ಲ, ಅವಳ ಮುಖ ನಾವು ನೋಡಿದವರಲ್ಲ. ತೊಟ್ಟಿಲು ನೋಡಿದಳು, ಮಾವನ ಕೈಯಲ್ಲಿದ್ದ ಗಂಟು ನೋಡಿದಳು. ಅವಳ ಕಣ್ಣು ತುಂಬಿಬಂತು. ಆದರೂ ಎಲ್ಲರಿಗೂ ಕೇಳುವಂತೆ, ಮಗಳು ಬೈದ ಹಾಗೆಯೇ ಬೈದಳು.

"ಇಷ್ಟ ತಡಾ ಮಾಡ್ತಾರೇನಪಾ? ಬೆಳಗಿಂದ ದಾರಿ ನೋಡಿ ನೋಡಿ ಸಾಕಾತು."

ಯಾರ ಎದುರೂ ತಪ್ಪು ಒಪ್ಪದ ನನ್ನ ಮಾವ ರುಮಾಲು ಸರಿಮಾಡಿಕೊಂಡು, "ತಪ್ಪಾತವ್ವಾ. ನಂದ ತಪ್ಪು" ಎಂದರು.