ಗೋವಾದಲ್ಲಿ ಖಡಕ್ ರೊಟ್ಟಿ

ಗೆಳತಿಯರೇ, ಇವತ್ತು ಸಂಜೆ ಗೋವಾದ ಸಮುದ್ರದಂಡೆಯ ಹೋಟೆಲಿನಲ್ಲಿ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದೆ.

ಔರಂಗಾಬಾದಿನ ನಮ್ಮ ಬ್ಯಾಂಕಿನವರ ಪ್ರವಾಸದ ಬಸ್ಸಿನಲ್ಲಿ ಅತ್ತೆಯನ್ನೂ ಕರೆತಂದಿದ್ದೇನೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಮಗನ ಕೊರಗಿನಲ್ಲಿ ಅತ್ತೆ ಹೊತ್ತಿಗೆ ಅರ್ಧ ರೊಟ್ಟಿಗಿಂತ ಹೆಚ್ಚು ತಿಂದಿಲ್ಲ. ಗಾಳಿ ಬದಲಾದರೆ ಹಸಿವಾದೀತು ಎಂಬ ಆಸೆ ನನ್ನದು.

ಹೋಟೆಲಿನಲ್ಲಿ ಗಿಟಾರು, ಕುಣಿತ, ಎಲ್ಲ ತಟ್ಟೆಯಲ್ಲೂ ಮೀನು. ನಾನು ದಾಲ್ ತರಿಸಿ, ಚೀಲದಿಂದ ಬೀದರಿನ ಖಡಕ್ ರೊಟ್ಟಿ ತೆಗೆದೆ. ವೇಟರ್ ಬಂದು, "ಕಾಕು, ಬಾಹೇರಚಂ ಜೇವಣ ಚಾಲತ ನಾಹಿ" ಎಂದ. ಹೊರಗಿನ ಊಟ ನಡೆಯುವುದಿಲ್ಲವಂತೆ. ಹೆದರಿ, "ಇದು ಊಟ ಅಲ್ಲ, ಪಾಪಡ್" ಎಂದುಬಿಟ್ಟೆ.

ಕೂಡಲೇ ಪಕ್ಕದ ಮೇಜಿನಲ್ಲಿ ಬಿಯರ್ ಕುಡಿಯುತ್ತಿದ್ದವರು ಕೂಗಿದರು: "ಭಾವೂ, ಹಮ್‌ಕೋ ಭೀ ವೋ ಬಡಾ ಪಾಪಡ್ ದೋ." ಆ ದೊಡ್ಡ ಹಪ್ಪಳ ಅವರಿಗೂ ಬೇಕಂತೆ. ವೇಟರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಅತ್ತೆ ಮಾತ್ರ ನಾಲ್ಕು ರೊಟ್ಟಿ ಎತ್ತಿ ಅವನ ಕೈಗಿಟ್ಟರು. "ಕೊಡಪ್ಪಾ ಅವರಿಗೆ. ಪಾಪಡ್ ಅನ್ನಬ್ಯಾಡ, ರೊಟ್ಟಿ ಅನ್ನು. ನೀನೂ ಒಂದು ತಿನ್ನು, ಎಷ್ಟು ಸೊರಗಿದ್ದಿ."

ಅವನು ಅಲ್ಲೇ ನಿಂತು ಮುರಿದು ತಿಂದ. ಮತ್ತೆ ಬಂದಾಗ ಕೇಳದೆಯೇ ಉಳ್ಳಾಗಡ್ಡಿ, ಮೆಣಸಿನಕಾಯಿ ತಂದಿಟ್ಟ. ಗಿಟಾರಿನವನೂ ಕೈಚಾಚಿದ. ಎಲ್ಲರಿಗೂ ಹಂಚುತ್ತ ಹಂಚುತ್ತ ಅತ್ತೆ ತಾವೇ ಎರಡು ರೊಟ್ಟಿ ಮುಗಿಸಿದರು.

"ಇನ್ನೊಂದು ಕೊಡವಾ" ಎಂದರು. ಚೀಲ ಖಾಲಿಯಾಗಿತ್ತು. ಅತ್ತೆಗೆ "ಇಲ್ಲ" ಎಂದು ಇಷ್ಟು ಹಿಗ್ಗಿನಿಂದ ಹೇಳಿದ ಸೊಸೆ ಇನ್ನೊಬ್ಬಳಿರಲಿಕ್ಕಿಲ್ಲ.