ಫಿನಾಯಿಲ್ ಅಕ್ಕ ಕೊಳಕು ಸಾಕಿದ ಐದು ವಾರ

ನನಗೆ ಹೇಸಿಗೆ ಬೇಗ. ಪಕ್ಕದವರ ತಟ್ಟೆಯಲ್ಲಿ ಕೂದಲು ಕಂಡರೆ ನನ್ನ ಊಟ ಬಿಟ್ಟು ಏಳುವವಳು ನಾನು. ಇಂಥವಳ ಅನ್ನದ ಋಣ ಇದ್ದದ್ದು ಹಲ್ಲಿನ ಕ್ಲಿನಿಕ್ಕಿನಲ್ಲಿ. ಬಂದವರ ಹೆಸರು ಬರೆದುಕೊಳ್ಳುವುದು, ಸರದಿ ಕೂಗುವುದು ನನ್ನ ಕೆಲಸ. ಒಳಗಿನ ರಕ್ತ, ಉಗುಳು, ಕಿತ್ತ ಹಲ್ಲು ಎಲ್ಲ ಅಕ್ಕನ ಪಾಲು.

ಅಕ್ಕ ಅಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಸತ್ತ ಮೂರನೇ ತಿಂಗಳಿಗೆ ನೆಲ ಒರೆಸಲು ಸೇರಿದವಳು, ಆಮೇಲೆ ಡಾಕ್ಟರ ಇಕ್ಕಳ, ಸೂಜಿ, ಕನ್ನಡಿಗಳನ್ನೆಲ್ಲ ಕುದಿಸಿ ಒಣಗಿಸಿ ಜೋಡಿಸಿಡುವ ತನಕ ಬೆಳೆದಳು. ಆ ದುಡಿಮೆಯಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಅವಳು ಬರುವ ಮೊದಲೇ ವಾಸನೆ ಬರುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಫಿನಾಯಿಲ್ ಅಕ್ಕ. "ಸೊಳ್ಳೆನೂ ಹತ್ರ ಸುಳಿಯಲ್ಲ ಕಣೇ, ಯಾವ ಸೆಂಟು ಹಾಕ್ಕೊಂಡೋಳಿಗಿದೆ ಈ ಭಾಗ್ಯ?" ಎಂದು ಅವಳೇ ನಗುತ್ತಿದ್ದಳು. ಅವಳು ತೊಳೆದದ್ದನ್ನು ಇನ್ನೊಬ್ಬರು ಮುಟ್ಟಿ ನೋಡಬೇಕಿಲ್ಲ ಎನ್ನುವ ಹೆಸರೊಂದೇ ಅವಳ ಆಸ್ತಿ.

ಒಂದು ದಿನ ಡಾಕ್ಟರು ಮೀನಿನ ತೊಟ್ಟಿ ತರಿಸಿದರು. ಹಲ್ಲು ಕೀಳಿಸಿಕೊಳ್ಳಲು ಹೆದರುವವರು ಮೀನು ನೋಡುತ್ತಾ ಕೂತರೆ ಸಮಾಧಾನವಾಗುತ್ತದೆ ಎಂದು ಎಲ್ಲೋ ಓದಿದ್ದರಂತೆ. ಅಂಗಡಿಯವನು ಬಂದು ನನ್ನ ಮೇಜಿನ ಎದುರಿಗೇ ಗಾಜಿನ ತೊಟ್ಟಿ ಇಟ್ಟು, ಕಲ್ಲು ಹರಡಿ, ಒಂದು ಮರದ ಬೇರು ನಿಲ್ಲಿಸಿ, ನೀರು ತುಂಬಿ, ಫಿಲ್ಟರ್ ಹಾಕಿ, ಅವತ್ತೇ ಎಂಟು ಮೀನು ಬಿಟ್ಟ. ಹೋಗುವಾಗ ಡಾಕ್ಟರ ಕೋಣೆಗೆ ಹೋಗಿ ಏನೋ ಹೇಳಿ ಹೋದ. ಡಾಕ್ಟರು ಹೊರಗೆ ಬಂದು ಅಕ್ಕನಿಗೆ ಹೇಳಿದ್ದು ಇಷ್ಟೇ: "ದಿನಾ ತೊಳೀರಿ ಅಕ್ಕ. ಕನ್ನಡಿ ಥರ ಇರಬೇಕು."

ಅಕ್ಕನಿಗೆ ತೊಳೆ ಎನ್ನುವುದೂ ಉಣ್ಣು ಎನ್ನುವುದೂ ಒಂದೇ. ಮೂರನೇ ದಿನ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಅವಳು ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಒಂದೊಂದಾಗಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದಳು. ಮರುದಿನವೂ ಅದೇ. ಐದನೇ ದಿನಕ್ಕೆ ಮೂರು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಎಂಟನೇ ದಿನಕ್ಕೆ ಇನ್ನೆರಡು. ಕಣ್ಣು ಬೆಳ್ಳಗಾಗಿ, ಬಾಲ ಎಳೆಯೆಳೆಯಾಗಿ ಬಿಚ್ಚಿಕೊಂಡಿದ್ದ ಅವನ್ನು ನೋಡಿ ನನಗೆ ಬೆಳಗಿನ ಕಾಫಿ ಗಂಟಲಿಗೆ ಬಂತು.

ಡಾಕ್ಟರು ಕಾಯುತ್ತಿದ್ದವರ ಎದುರಿಗೇ ನಕ್ಕರು. "ಫಿನಾಯಿಲ್ ಕೈ ಅಲ್ವಾ, ಮೀನು ಸಾಯದೆ ಇನ್ನೇನಾಗುತ್ತೆ?" ಕಾಯುತ್ತಿದ್ದವರೂ ನಕ್ಕರು. ಅಕ್ಕ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮಧ್ಯಾಹ್ನ ಊಟ ಬಿಟ್ಟು ತೊಟ್ಟಿ ತಂದಿಟ್ಟವನ ಅಂಗಡಿಗೆ ಹೋದಳು. ವಾಪಸು ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಚರಂಡಿಯಿಂದ ಎತ್ತಿದಂತಿದ್ದ ಕಪ್ಪು ಸ್ಪಂಜು.

"ಇದೇನಕ್ಕ ಅಸಹ್ಯ?" ಎಂದೆ.

"ಅವನ ಹಳೇ ತೊಟ್ಟಿದು. ಮೀನಿನ ಹೇಲುಚ್ಚೆ ನೀರಲ್ಲೇ ವಿಷ ಆಗುತ್ತಂತೆ. ಅದನ್ನ ತಿಂದು ಕರಗಿಸೋ ಸಣ್ಣ ಜೀವಗಳು ಈ ಕೊಳಕಲ್ಲೇ ಇರ್ತವಂತೆ. ಹೊಸ ತೊಟ್ಟೀಲಿ ಅವು ಹುಟ್ಟೋಕೆ ಒಂದೂವರೆ ತಿಂಗಳು ಬೇಕು. ನಾನು ದಿನಾ ಹಿಂಡಿ ಹಿಂಡಿ ಅವನ್ನೇ ಕೊಂದೆ ಕಣಮ್ಮ." ಚೀಲದ ಗಂಟು ಬಿಚ್ಚುತ್ತಾ ಹೇಳಿದಳು, "ನಿಮ್ಮ ಡಾಕ್ಟ್ರಿಗೆ ಅವತ್ತೇ ಹೇಳಿದ್ದೆ ಅಂದ ಅವನು."

ಇಪ್ಪತ್ತೆರಡು ವರ್ಷ ಕೊಳೆಯ ಮೇಲೆ ಹಗೆ ಸಾಧಿಸಿದವಳು ಮುಖ ಆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು, ಆ ಕಪ್ಪು ರಸವನ್ನು ತೊಟ್ಟಿಯೊಳಗೆ ಹಿಂಡಿದಳು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು.

ಅಲ್ಲಿಂದ ಅವಳ ಕಷ್ಟಕಾಲ. ಕೈ ಕಟ್ಟಿಕೊಂಡು ಕೂರುವುದು ಅವಳಿಗೆ ಎಲ್ಲಿ ಬರುತ್ತದೆ? ಒಂದು ಬಕೆಟ್ ನೀರು ಹಿಂದಿನ ದಿನವೇ ಹಿಡಿದಿಟ್ಟು, ಮೂರು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಬೇಕು, ಚಿಟಿಕೆ ಆಹಾರ ಹಾಕಬೇಕು, ಬೇರೆ ಏನನ್ನೂ ಮುಟ್ಟಬಾರದು. ಗಾಜಿಗೆ ಕಂದು ಲೋಳೆ ಹತ್ತಿತು. ಮರದ ಬೇರಿನ ಮೇಲೆ ಬೆಳ್ಳನೆಯ ಗೊಣ್ಣೆಯಂಥದ್ದು ಬೆಳೆದು ನೀರಿನಲ್ಲಿ ಆಡತೊಡಗಿತು. ಅಕ್ಕ ಬಟ್ಟೆ ಹಿಡಿದು ತೊಟ್ಟಿಯ ತನಕ ಹೋಗಿ, ಹಲ್ಲು ಕಚ್ಚಿ ವಾಪಸು ಬರುತ್ತಿದ್ದಳು. "ಇದನ್ನ ನೋಡಿದ್ರೆ ಕೈ ತುರಿಸುತ್ತೆ," ಎಂದು ಅದೇ ಬಟ್ಟೆಯಲ್ಲಿ ನನ್ನ ಮೇಜನ್ನು ಮೂರು ಸಲ ಒರೆಸುತ್ತಿದ್ದಳು. ಆದರೆ ಉಳಿದ ಮೂರು ಮೀನು ಬದುಕಿದವು. ಬಾಲ ಮತ್ತೆ ಚಿಗುರಿತು. ನಾಲ್ಕನೇ ವಾರದಲ್ಲಿ ಅವು ಅಕ್ಕನನ್ನು ಕಂಡರೆ ಗಾಜಿನ ಹತ್ತಿರ ಬರುತ್ತಿದ್ದವು. "ನೋಡಿ, ನನ್ನ ಕೈಯಲ್ಲೇನೂ ವಿಷ ಇಲ್ಲ," ಎಂದು ಕಾಯುವವರಿಗೆಲ್ಲ ತೋರಿಸುತ್ತಿದ್ದಳು.

ಈಗ ನನ್ನ ವಿಷಯ. ದಿನಕ್ಕೆ ಒಂಬತ್ತು ಗಂಟೆ ಆ ಗೊಣ್ಣೆಯ ಎದುರು ಕೂತವಳು ನಾನು. ಡಬ್ಬಿ ಬಿಚ್ಚಿದರೆ ಅನ್ನ ಸೇರುತ್ತಿರಲಿಲ್ಲ. ಐದನೇ ವಾರದ ಕೊನೆಗೆ, ಅಕ್ಕ ಇಲ್ಲದ ಹೊತ್ತು ನೋಡಿ, ಡಾಕ್ಟರ ಕೋಣೆಗೆ ಹೋಗಿ ಚಾಡಿ ಹೇಳಿದೆ. "ಜನ ಮೂಗು ಮುರೀತಾರೆ ಸಾರ್. ಹಲ್ಲು ಕ್ಲೀನ್ ಮಾಡೋ ಜಾಗದಲ್ಲಿ ಪಾಚಿ ನೋಡಿದ್ರೆ ಏನಂದ್ಕೋತಾರೆ?" ಜನ ಯಾರೂ ಏನೂ ಅಂದಿರಲಿಲ್ಲ.

ಡಾಕ್ಟರು ಅಕ್ಕನನ್ನು ಕರೆದು ತೊಳೆಯಲು ಹೇಳಿದರು. ಅಕ್ಕ ಮೊದಲ ಸಲ ಆಗಲ್ಲ ಎಂದಳು. "ಇನ್ನೊಂದು ವಾರ ಕೊಡಿ ಸಾರ್. ಆಮೇಲೆ ಗಾಜು ನಾನೇ ಒರೆಸ್ತೀನಿ." ಡಾಕ್ಟರು ಮುಂದಿನವರನ್ನು ಕಳಿಸಲು ಹೇಳಿದರು.

ಭಾನುವಾರ ಬೆಳಿಗ್ಗೆ ನನಗೆ ಅವರ ಫೋನು ಬಂತು. "ಬ್ಲೀಚಿಂಗ್ ನೀರಿನ ಬಾಟ್ಲಿ ಎಲ್ಲಿಡ್ತಾರಮ್ಮ?" ಯಾತಕ್ಕೆಂದು ನಾನು ಕೇಳಲಿಲ್ಲ, ಗೊತ್ತಾಗಿತ್ತು. "ಪಾತ್ರೆ ಕುದಿಸೋ ಒಲೆ ಕೆಳಗೆ, ಒಳಗಿನ ಮೂಲೇಲಿ ಸಾರ್," ಎಂದೆ.

ಸೋಮವಾರ ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕಲ್ಲು ಬೆಳ್ಳಗೆ, ಬೇರು ಬೆಳ್ಳಗೆ, ಮೂರು ಮೀನೂ ಬೆಳ್ಳಗೆ ತಳದಲ್ಲಿ ಮಲಗಿದ್ದವು. ಏಳೆಂಟು ಜನ ಕಾಯುತ್ತಿದ್ದರು. ಡಾಕ್ಟರು ಒಳಗೆ ಬಂದು ನೋಡಿದವರೇ, "ಮತ್ತೆ ಕೈ ಹಾಕಿದ್ರಾ ಅಕ್ಕ? ಎಷ್ಟು ಹೇಳಿದ್ರೂ ನಿಮ್ಮ ಫಿನಾಯಿಲ್ ಬುದ್ಧಿ ಬಿಡಲ್ಲ," ಎಂದರು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಆ ಬಾಯಿಂದ ಆ ಮಾತು ಎಷ್ಟು ನುಣ್ಣಗೆ ಜಾರಿತು!

"ಶನಿವಾರ ನಾನು ಹೋಗುವಾಗ ಮೂರೂ ಚೆನ್ನಾಗಿದ್ವು," ಎಂದಳು ಅಕ್ಕ. ಧ್ವನಿ ಏರಿರಲಿಲ್ಲ. "ಇವಳು ದಿನಾ ಎದುರಿಗೇ ಕೂತಿರ್ತಾಳೆ. ಇವಳನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಡಾಕ್ಟರೂ.

"ನಾನು ಗಮನಿಸಲಿಲ್ಲ ಸಾರ್," ಎಂದೆ.

ಅಕ್ಕ ಮೂರು ಮೀನನ್ನೂ ಎತ್ತಿ ಹಳೇ ಪೇಪರಿನಲ್ಲಿ ಸುತ್ತಿದಳು. ಅವತ್ತಿನ ರೋಗಿಗಳಿಗೆ ಬೇಕಾದ ಇಕ್ಕಳ, ಸೂಜಿಗಳನ್ನೆಲ್ಲ ಕುದಿಸಿ ಒಣಗಿಸಿ ಜೋಡಿಸಿಟ್ಟಳು. ಮಧ್ಯಾಹ್ನ ಬಂದು ಕ್ಲಿನಿಕ್ಕಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಬ್ಲೀಚಿಂಗ್ ಬಾಟ್ಲಿ ಮುಚ್ಚಳ ಸಡಿಲ ಇತ್ತು ಕಣಮ್ಮ, ಸರಿಯಾಗಿ ಹಾಕಿದೀನಿ," ಎಂದಳು. "ಇಷ್ಟು ವರ್ಷದಲ್ಲಿ ಡಾಕ್ಟ್ರು ಒಂದು ಸಲಾನೂ ಆ ಒಲೆ ಕೆಳಗೆ ಬಗ್ಗಿ ನೋಡಿದೋರಲ್ಲ. ಅದು ಎಲ್ಲಿದೆ ಅಂತ ಗೊತ್ತಿರೋದು ನಮ್ಮಿಬ್ಬರಿಗೇ."

ಮೆಟ್ಟಿಲಿಳಿದು ಹೋದಳು. ನಾನು ಮುಂದಿನವರ ಸರದಿ ಕೂಗಿದೆ.